ನಿಘಂಟಿನ ಪಾಪ

ಗೋಡೆಯಾಚೆ ಜಿಪ್ಪು ಎಳೆದ ಸದ್ದು ಕೇಳಿ ಮಗಳ ಕೈಯಲ್ಲಿದ್ದ ಸೂಜಿ ನಿಂತಿತು. ಪ್ಯಾಂಟಿನ ಜಿಪ್ಪು, ಸ್ಕರ್ಟಿನ ಜಿಪ್ಪು, ಕಾಲೇಜು ಚೀಲದ ಜಿಪ್ಪು, ಇವುಗಳ ಸದ್ದೆಲ್ಲ ಅವಳಿಗೆ ಬೇರೆಬೇರೆಯಾಗಿ ಗೊತ್ತು. ಇದು ಉದ್ದದ್ದು, ದಪ್ಪ ಹಲ್ಲಿನದು. ಒಂದು ಮೂಲೆಯವರೆಗೆ ಓಡಿತು, ತಡೆಯಿತು, ತಿರುಗಿ ಮತ್ತೆ ಓಡಿತು. ದೊಡ್ಡ ಪೆಟ್ಟಿಗೆಯದೇ.

"ಅಮ್ಮ," ಎಂದಳು. ಅಮ್ಮನ ಮೆಷಿನ್ನು ಓಡುತ್ತಿತ್ತು, ಕೇಳಿಸಲಿಲ್ಲ. ಅದಕ್ಕಿಂತ ದೊಡ್ಡ ದನಿ ಮಗಳಿಗೆ ಇರಲಿಲ್ಲ. ತಲೆ ಬಗ್ಗಿಸಿ ಮತ್ತೆ ಗುಂಡಿ ಹೊಲಿಯತೊಡಗಿದಳು.

ಅವರದು ಐದನೇ ಮಹಡಿಯ ಮನೆ. ಮುಂದಿನ ಕೋಣೆಯಲ್ಲಿ ಹೊಲಿಗೆ ಮೆಷಿನ್ನು, ಕತ್ತರಿಸುವ ಮೇಜು, ಎರಡು ಶಾಲೆಗಳ ಯೂನಿಫಾರ್ಮಿನ ರಾಶಿ. ಒಳಕೋಣೆಯಲ್ಲಿ ಐದು ವಾರಗಳಿಂದ ಬೇರೆ ದೇಶದ ಹುಡುಗಿಯೊಬ್ಬಳಿದ್ದಳು. ಅವಳ ಕಾಲೇಜಿನವರೂ ಇಲ್ಲಿಯ ಕಾಲೇಜಿನವರೂ ಮಾತಾಡಿಕೊಂಡು ಒಂದು ವರ್ಷಕ್ಕೆಂದು ಓದಲು ಕಳಿಸಿದ್ದರು. ಹಾಸ್ಟೆಲಿನಲ್ಲಿ ಇಟ್ಟರೆ ಇಂಥ ಮಕ್ಕಳಿಗೆ ಮಾತು ಬರುವುದಿಲ್ಲವೆಂದು ಮನೆಗಳಲ್ಲಿ ಇರಿಸುತ್ತಿದ್ದರು. ನಾಳೆ ಶನಿವಾರ ಕಾಲೇಜಿನ ಮೇಡಂ ಬಂದು, ಇದೇ ಮನೆಯಲ್ಲಿ ಇರುತ್ತೀಯಾ, ಬೇರೆ ಮನೆ ಬೇಕಾ ಎಂದು ಹುಡುಗಿಯನ್ನು ಕೇಳಿ ಬರೆದುಕೊಂಡು ಹೋಗುವವರಿದ್ದರು.

ಹುಡುಗಿ ಭಾಷೆಯನ್ನು ಪುಸ್ತಕದಿಂದ ಕಲಿತು ಬಂದಿದ್ದಳು. ಬಂದ ದಿನ ಬಾಗಿಲಲ್ಲಿ ನಿಂತು, "ನಾನು ತಮ್ಮ ಮನೆಯಲ್ಲಿ ವಾಸಿಸಲು ಬಂದಿರುತ್ತೇನೆ. ದಯವಿಟ್ಟು ನನಗೆ ನೀರನ್ನು ಕೊಡಿರಿ," ಎಂದಾಗ ಅಮ್ಮ ಅಳತೆಯ ಟೇಪು ಕೆಳಗೆ ಬಿಟ್ಟಿದ್ದಳು. "ಏನೇ ಇದು, ರೇಡಿಯೋದಲ್ಲಿ ವಾರ್ತೆ ಓದಿದ ಹಾಗೆ ಮಾತಾಡುತ್ತೆ ಕೂಸು!" ಸಂಜೆಯೊಳಗೆ ಇಡೀ ಕಟ್ಟಡಕ್ಕೆ ಅವಳು 'ವಾರ್ತೆ' ಆದಳು. ಕೆಳಗಿನ ಇಸ್ತ್ರಿ ಅಂಗಡಿಯ ಮಾವನಂತೂ ಅವಳು ಕಾಲೇಜಿಗೆ ಹೊರಟರೆ ಸಾಕು, "ಏನಮ್ಮ ವಾರ್ತೆ, ಇವತ್ತಿನ ಮುಖ್ಯಾಂಶ ಏನು?" ಎನ್ನುತ್ತಿದ್ದ. ಅವಳು ನಿಂತು, ಯೋಚಿಸಿ, "ಇಂದು ನನಗೆ ಬಸ್ಸು ದೊರಕುವುದು ಎಂದು ನಂಬಿದ್ದೇನೆ," ಎಂದು ನಿಜವಾದ ಉತ್ತರವನ್ನೇ ಕೊಡುತ್ತಿದ್ದಳು.

ಮೊದಲ ವಾರಗಳಲ್ಲಿ ಕಾಲೇಜಿನಿಂದ ಬಂದವಳೇ ಮಗಳ ಪಕ್ಕ ನೆಲದ ಮೇಲೆ ಕೂರುತ್ತಿದ್ದಳು. "ಅಕ್ಕ, ಇದನ್ನು ಏನೆಂದು ಕರೆಯುತ್ತಾರೆ?" ಮಗಳು ಹೇಳುತ್ತಿದ್ದಳು: ಬಾಬಿನ್ನು. ಕಾಜ, ಗುಂಡಿ ತೂರೋ ತೂತು. ಮಡಿಕೆ ಹೊಲಿಗೆ. ಇದು ಕಚ್ಚಾ, ಆಮೇಲೆ ಬಿಚ್ಚೋದಕ್ಕೆ. ಎಂಟನೇ ತರಗತಿಯಲ್ಲಿ ಎದ್ದುನಿಂತು ಪಾಠ ಓದುವಾಗ ಮಾತು ಗಂಟಲಲ್ಲಿ ಸಿಕ್ಕಿಕೊಂಡು, ತರಗತಿಯೆಲ್ಲ ನಕ್ಕು, ಮರುದಿನದಿಂದ ಶಾಲೆಗೇ ಹೋಗದೆ ಉಳಿದವಳು ಅವಳು. ಈಗ ಇಪ್ಪತ್ತೆರಡಾಗಿತ್ತು. ಇಷ್ಟು ವರ್ಷಗಳಲ್ಲಿ ಅವಳನ್ನು ಏನನ್ನಾದರೂ ಕೇಳಿ, ಉತ್ತರ ಬರುವವರೆಗೆ ಕಾದವಳೆಂದರೆ ಈ ಹುಡುಗಿ ಒಬ್ಬಳೇ.

ಆದರೆ ಹತ್ತು ದಿನಗಳಿಂದ ಹುಡುಗಿ ಕೂರಲು ಬರುತ್ತಿರಲಿಲ್ಲ. ಬೇಗಬೇಗ ಊಟ ಮುಗಿಸಿ, ತನ್ನ ತಟ್ಟೆ ತಾನೇ ತೊಳೆದಿಟ್ಟು, ಬಾಗಿಲು ಹಾಕಿಕೊಳ್ಳುತ್ತಿದ್ದಳು. ಮಾವನ ಅಂಗಡಿಯ ಮುಂದೆ ಹೋಗುವುದು ತಪ್ಪಿಸಲು ಕಟ್ಟಡದ ಹಿಂಬಾಗಿಲಿನಿಂದ ಓಡಾಡುತ್ತಿದ್ದಳು. ಅಮ್ಮ ತಲೆ ಕೆಡಿಸಿಕೊಂಡಿದ್ದಳು. "ನನ್ನ ಅಡುಗೆ ಹಿಡಿಸ್ತಿಲ್ಲ ಅನ್ಸುತ್ತೆ, ಪಾಪ. ಹೇಳೋದಕ್ಕೂ ಸಂಕೋಚ, ಪಾಪ."

ಮೆಷಿನ್ನು ನಿಂತಿತು. "ಆ ಹುಡುಗಿ ಹತ್ರ ಸಣ್ಣ ಕತ್ತರಿ ಇದೆ, ಈಸ್ಕೊಂಡು ಬಾರೆ," ಎಂದಳು ಅಮ್ಮ.

ಒಳಕೋಣೆಯ ಬಾಗಿಲು ತೆರೆದೇ ಇತ್ತು, ಹುಡುಗಿ ಇರಲಿಲ್ಲ. ಬಚ್ಚಲಿನಲ್ಲಿ ನೀರು ಬೀಳುತ್ತಿತ್ತು. ಗೋಡೆಗೆ ಒರಗಿಸಿದ್ದ ನೀಲಿ ಪೆಟ್ಟಿಗೆ ಹೊಟ್ಟೆ ಉಬ್ಬಿಸಿಕೊಂಡು ನಿಂತಿತ್ತು. ಮೇಜಿನ ಮೇಲೆ ಕತ್ತರಿ, ಅದರಡಿ ತೆರೆದಿಟ್ಟ ದಪ್ಪ ನಿಘಂಟು. ಒಂದು ಮಾತಿನ ಸುತ್ತ ಪೆನ್ಸಿಲಿನ ಗೆರೆ, ಎಷ್ಟು ಸಲ ಎಳೆದಿದ್ದಳೋ, ಕಾಗದ ಹರಿಯುವ ಹಾಗಾಗಿತ್ತು. ಮಗಳು ಬೆರಳಿಟ್ಟು ಓದಿದಳು. ಪಾಪ: ಕೆಟ್ಟ ಕೆಲಸ, ಅಧರ್ಮ, ದೋಷ.

ಪಕ್ಕದಲ್ಲಿ ಅವಳ ಅಭ್ಯಾಸದ ಪುಸ್ತಕ. ದಿನಕ್ಕೆ ಐದು ಸಾಲು ಇಲ್ಲಿಯ ಭಾಷೆಯಲ್ಲೇ ಬರೆಯಬೇಕೆಂದು ಕಾಲೇಜಿನವರ ಕಟ್ಟಪ್ಪಣೆ. ಬೇರೆಯವರು ಬರೆದದ್ದನ್ನು ಓದಬಾರದು ಎಂದು ಗೊತ್ತಿತ್ತು. ಆದರೆ ಅಕ್ಷರಗಳು ಮಕ್ಕಳ ಅಕ್ಷರದ ಹಾಗೆ ದುಂಡಗಿದ್ದವು, ಅವಳಿಗೆ ಓದಲು ಬರುವಂಥವು.

'ನಾನು ತಪ್ಪು ಬಸ್ಸನ್ನು ಏರಿದೆನು. ಕೊನೆಯ ನಿಲ್ದಾಣದಿಂದ ಮೂರು ಗಂಟೆ ತಡವಾಗಿ ಬಂದೆನು. ಅಮ್ಮ ನನ್ನನ್ನು ನೋಡಿ ಪಾಪ ಎಂದರು. ಇಸ್ತ್ರಿ ಮಾವನೂ ಪಾಪ ಎಂದರು. ಲಿಫ್ಟಿನಲ್ಲಿ ಇಬ್ಬರು ಪಾಪ ಎಂದರು.' ಮುಂದಿನ ಪುಟದಲ್ಲಿ: 'ಇಂದು ಅಮ್ಮ ನಾಲ್ಕು ಸಲ ಎಂದರು. ಅವರು ನಗುತ್ತಾ ಹೇಳುತ್ತಾರೆ. ನಾನು ಏನು ಕೆಟ್ಟದ್ದು ಮಾಡಿದೆನು? ಕೇಳಲು ನನಗೆ ಭಯ.'

ಮಗಳು ಪುಸ್ತಕವನ್ನು ಇದ್ದ ಜಾಗದಲ್ಲೇ ಇಟ್ಟಳು. ಕತ್ತರಿ ಬಿಟ್ಟು ಅಡುಗೆಮನೆಗೆ ಓಡಿ, ಅಮ್ಮನನ್ನೂ ಅಲ್ಲಿಗೇ ಕರೆದು, ತಡವರಿಸುತ್ತ ಎಲ್ಲ ಹೇಳಿದಳು. ಅಮ್ಮನಿಗೆ ಮೊದಲು ಅರ್ಥವಾಗಲಿಲ್ಲ. ಅರ್ಥವಾದ ಮೇಲೆ ನಗು ಬಂತು. ನಗು ಅರ್ಧಕ್ಕೇ ನಿಂತು ಕಣ್ಣಲ್ಲಿ ನೀರಾಯಿತು.

"ಅಯ್ಯೋ ಪಾಪ!" ಎಂದವಳು ತಕ್ಷಣ ಎರಡೂ ಕೈಯಿಂದ ಬಾಯಿ ಮುಚ್ಚಿಕೊಂಡಳು. "ನೋಡೇ, ಮತ್ತೆ ಅಂದೆ. ಈ ನಾಲಿಗೆಗೆ ಹೊಲಿಗೆ ಹಾಕಬೇಕು. ಅಲ್ವೇ, ನಾನು ಆ ಮಗೂನ ಪಾಪಿ ಅಂತೀನಾ?"

"ನೀನು ಹೋಗಿ ಹೇಳಮ್ಮ."

"ನಾನಾ? ನಾನು ಬಾಯಿ ಬಿಟ್ರೆ ಅದಕ್ಕೆ ಒಂದಕ್ಷರ ಅರ್ಥ ಆಗಲ್ಲ. ನನ್ನ ಮಾತು ಮೆಷಿನ್ನಿನ ಹಾಗೆ, ಟಕಟಕಟಕ ಅಂತ ಹೋಗಿಬಿಡುತ್ತೆ. ನಿಂದು ಕೈಹೊಲಿಗೆ. ಒಂದೊಂದೇ ಹಾಕ್ತೀಯ. ನೀನೇ ಹೋಗು."

ಇಷ್ಟು ವರ್ಷ ಯಾರೂ ಅವಳ ಮಾತಿನ ಬಗ್ಗೆ ಹೀಗೆ ಹೇಳಿರಲಿಲ್ಲ. ಅವಳು ಒಳಕೋಣೆಯ ಬಾಗಿಲಿಗೆ ಹೋಗಿ ನಿಂತಳು. ಹುಡುಗಿ ಒದ್ದೆ ಕೂದಲಿನಲ್ಲಿ, ನಿಘಂಟು ಮುಚ್ಚಿಟ್ಟು ಕೂತಿದ್ದಳು. ಹೇಳಬೇಕಾದ್ದೆಲ್ಲ ಮಗಳ ಗಂಟಲಿನವರೆಗೆ ಬಂತು. ಬಂದು, ಎಂಟನೇ ತರಗತಿಯ ದಿನದ ಹಾಗೆ, ಅಲ್ಲೇ ನಿಂತಿತು.

"ನನ್ನ ಜೊತೆ ಬಾ," ಎಂದಷ್ಟೇ ಹೇಳಿದಳು. "ಯೂನಿಫಾರ್ಮು ಕೊಟ್ಟು ಬರೋಣ. ನೀನು ಮಾತಾಡಬೇಡ. ಬರೀ ಕೇಳಿಸ್ಕೋ."

ಹುಡುಗಿ ಒಂದು ಗಳಿಗೆ ಅವಳ ಮುಖ ನೋಡಿ ಚಪ್ಪಲಿ ಮೆಟ್ಟಿದಳು.

ಲಿಫ್ಟು ಮೂರನೇ ಮಹಡಿಯಲ್ಲಿ ನರಳಿ ನಿಂತುಬಿಟ್ಟಿತು. ಒಳಗಿದ್ದ ಮುದುಕರೊಬ್ಬರು ಅದರ ಗೋಡೆಯನ್ನು ತಟ್ಟಿ, "ಪಾಪ, ಇದಕ್ಕೂ ನನ್ನಷ್ಟೇ ವಯಸ್ಸು," ಎಂದರು. ಹುಡುಗಿ ಚಕ್ಕನೆ ಮಗಳತ್ತ ನೋಡಿದಳು. ಮಗಳು ಒಂದು ಬೆರಳು ಎತ್ತಿದಳು. ಲಿಫ್ಟು ಮತ್ತೆ ಹೊರಟಿತು.

ಈ ಸಲ ಹಿಂಬಾಗಿಲಿನ ಕಡೆ ತಿರುಗಲಿದ್ದ ಹುಡುಗಿಯ ಕೈ ಹಿಡಿದು ಮಗಳು ಮುಂಬಾಗಿಲಿಗೇ ಕರೆತಂದಳು. ಮಾವ ಒಂದು ಹಳೆಯ ಶರ್ಟಿನ ಕಾಲರಿಗೆ ಮೆಲ್ಲಗೆ ಇಸ್ತ್ರಿ ಒತ್ತುತ್ತಿದ್ದ. "ಓಹೋ, ವಾರ್ತೆ! ಎಲ್ಲಿ ಮಾಯ ಆಗಿದ್ದೆ? ಪ್ರಸಾರ ಇಲ್ದೆ ನಮಗೆ ಹೊತ್ತೇ ಹೋಗ್ತಿಲ್ಲ." ಮಗಳು ಶರ್ಟನ್ನು ತೋರಿಸಿದಳು. ಅವಳು ಬಾಯಿಬಿಟ್ಟು ಕೇಳುವವಳಲ್ಲ ಎಂದು ತಿಳಿದಿದ್ದ ಅವನೇ ಹೇಳಿದ: "ಇದಾ? ಬಾಗಿಲು ಕಾಯೋರದ್ದು. ಇರೋದು ಇದೊಂದೇ. ನೋಡು, ನೂಲೆಲ್ಲ ಸವೆದುಹೋಗಿದೆ, ಪಾಪ."

ಎರಡನೇ ಬೆರಳು.

ಶಾಲೆಯ ಗೇಟಿನ ಹತ್ತಿರ ನಾಯಿಯೊಂದು ದಾರಿಗೆ ಅಡ್ಡ ಮಲಗಿತ್ತು. ಒಬ್ಬ ಹೆಂಗಸು ತನ್ನ ಮಗುವಿನ ಕೈ ಜಗ್ಗಿ, "ತುಳೀಬೇಡ್ವೋ, ಪಾಪ ಅದು," ಎಂದು ಸುತ್ತಿಕೊಂಡು ಹೋದಳು. ಬಸ್ ನಿಲ್ದಾಣದಲ್ಲಿ ಇಬ್ಬರು ಹುಡುಗಿಯರು ಯಾರದೋ ಮಾತಾಡುತ್ತಿದ್ದರು: "ಅವನು ಪಾಪ ಕಣೆ, ದಿನಾ ನಿನಗೇ ಅಂತ ಸೀಟು ಹಿಡಿದಿಟ್ಟಿರ್ತಾನೆ." ಮೂರು. ನಾಲ್ಕು.

ಯೂನಿಫಾರ್ಮು ಕೊಟ್ಟು ಹಿಂದಿರುಗುವಾಗ ನಾಯಿ ಅಲ್ಲೇ ಇತ್ತು. ಹುಡುಗಿ ಅದರ ಮುಂದೆ ನಿಂತಳು.

"ಅಕ್ಕ, ಈ ನಾಯಿಯು ಏನು ಕೆಟ್ಟ ಕೆಲಸವನ್ನು ಮಾಡಿದೆ?"

ಮಗಳಿಗೆ ನಗು ಬಂತು, ನಗಲಿಲ್ಲ. ತರಗತಿಯಲ್ಲಿ ನಕ್ಕವರು ನೆನಪಾದರು. ಒಂದೊಂದೇ ಮಾತು ಆರಿಸಿ ಹೇಳಿದಳು. "ಏನೂ ಮಾಡಿಲ್ಲ. ಕೆಟ್ಟದ್ದು ಮಾಡಿದ್ರೆ... ಬೈತೀವಿ. ಏನೂ ಮಾಡದೇ ಇದ್ದೋರಿಗೆ ಕಷ್ಟ ಬಂದ್ರೆ... ನೋಡ್ದೋರಿಗೆ ಹೊಟ್ಟೆ ಚುರ್ ಅನ್ನುತ್ತಲ್ಲ? ಆಗ ಪಾಪ ಅಂತೀವಿ." ತುಸು ತಡೆದು ಸೇರಿಸಿದಳು: "ನಮ್ಮೋರು ಅನ್ನಿಸಿದ್ರೂ ಅಂತೀವಿ. ನಿಘಂಟು ಬರೆದೋರು ನಮ್ಮಮ್ಮನ್ನ ಕೇಳ್ಲಿಲ್ಲ."

ಹುಡುಗಿ ಮತ್ತೊಮ್ಮೆ ನಾಯಿಯನ್ನು ನೋಡಿದಳು. ಆಮೇಲೆ ಮುಖ ತಿರುಗಿಸಿ ತೋಳಿನಿಂದ ಕಣ್ಣು ಒರೆಸಿಕೊಂಡಳು. ಮನೆಗೆ ಬಂದ ಮೇಲೂ ಬಾಗಿಲು ಹಾಕಿಕೊಂಡಳು. ಪೆಟ್ಟಿಗೆಯ ಸದ್ದು ಬರುತ್ತದೇನೋ ಎಂದು ಮಗಳು ಮಲಗುವವರೆಗೆ ಕಿವಿಯಾನಿಸಿದಳು. ಬರಲಿಲ್ಲ.

ಬೆಳಿಗ್ಗೆ ಲಿಫ್ಟು ಪೂರ್ತಿ ಕೆಟ್ಟಿತ್ತು. ಕಾಲೇಜಿನ ಮೇಡಂ ಐದು ಮಹಡಿ ಹತ್ತಿ, ಬಾಗಿಲ ಚೌಕಟ್ಟು ಹಿಡಿದು ಏದುಸಿರು ಬಿಟ್ಟರು. ಕಂಕುಳಲ್ಲಿದ್ದ ಕಡತ ಜಾರಿ ಕಾಗದಗಳು ಯೂನಿಫಾರ್ಮಿನ ರಾಶಿಯ ಮೇಲೆ ಚೆಲ್ಲಿದವು. ಅಮ್ಮ ಮೆಷಿನ್ನಿನ ಹಿಂದೆಯೇ ಕೂತಿದ್ದಳು, ತುಟಿ ಬಿಗಿಹಿಡಿದು. ನಿನ್ನೆ ಸಂಜೆಯಿಂದ ಆ ಮಾತು ಆಡಬಾರದೆಂದು ಅವಳ ಪಣ.

"ಕೂತ್ಕೊಳ್ಳೋಕೂ ಸಮಯ ಇಲ್ಲ, ಇನ್ನೂ ನಾಲ್ಕು ಮನೆ ಇದೆ," ಎಂದು ಮೇಡಂ ಕಾಗದ ಹೆಕ್ಕಿ ಒಂದನ್ನು ಹಿಡಿದರು. "ಬುಧವಾರ ನೀನೇ ಫೋನ್ ಮಾಡಿದ್ಯಲ್ಲಮ್ಮ, ಬೇರೆ ಮನೆ ಬೇಕು ಅಂತ. ಮನೆ ಸಿಕ್ಕಿದೆ. ಇವತ್ತೇ ಹೋಗಬಹುದು."

ಅಮ್ಮನ ಕಾಲಡಿಯ ಪೆಡಲು ತಾನಾಗಿ ಒಮ್ಮೆ ಅಲುಗಿ ನಿಂತಿತು. ಫೋನಿನ ವಿಷಯ ಅವರಿಬ್ಬರಿಗೂ ಗೊತ್ತಿರಲಿಲ್ಲ. ಮಗಳು ಕೈಯಲ್ಲಿದ್ದ ಗುಂಡಿಯ ನಾಲ್ಕು ತೂತುಗಳನ್ನು ನೋಡುತ್ತಿದ್ದಳು.

ಹುಡುಗಿ ಮೇಡಮ್ಮಿನ ಹಣೆಯ ಬೆವರು, ನಡುಗುತ್ತಿದ್ದ ಮೊಣಕಾಲು ನೋಡಿದಳು. ಅಡುಗೆಮನೆಗೆ ಹೋಗಿ ಒಂದು ಲೋಟ ತಂದು ಹಿಡಿದಳು.

"ಪಾಪ," ಎಂದಳು. "ನೀರು ಕುಡೀರಿ."

ಅಮ್ಮನ ಬಾಯಿಯಿಂದ ಒಂದು ಸದ್ದು ಬಂತು, ನಗುವೂ ಅಲ್ಲ, ಅಳುವೂ ಅಲ್ಲ. ಮೇಡಂ ಲೋಟ ಖಾಲಿ ಮಾಡಿ ಪೆನ್ನು ತೆಗೆದರು. "ಹಾಗಾದ್ರೆ, ಏನು ಬರೀಲಿ?"

"ಆಗ ನನಗೆ ಮಾತು ಬರುತ್ತಿರಲಿಲ್ಲ."

"ಯಾವಾಗ? ಮೂರು ದಿನದ ಹಿಂದೆ ತಾನೇ ಫೋನ್ ಮಾಡಿದ್ದು?"

"ಹೌದು," ಎಂದಳು ಹುಡುಗಿ ಗಂಭೀರವಾಗಿ. "ಮೂರು ದಿನದ ಹಿಂದೆ."

ಮೇಡಂ ಅವಳನ್ನು ನೋಡಿದರು, ಅಮ್ಮನನ್ನು ನೋಡಿದರು, ಏನೂ ಅರ್ಥವಾಗದೆ ಕಾಗದದಲ್ಲಿದ್ದ 'ಬೇರೆ ಮನೆ'ಯನ್ನು ಹೊಡೆದುಹಾಕಿ 'ಇದೇ ಮನೆ' ಎಂದು ಬರೆದು, ಮೆಟ್ಟಿಲಿಳಿದು ಹೋದರು.

ಅಮ್ಮ ಏನೂ ಆಗಿಲ್ಲವೆಂಬಂತೆ ಮೆಷಿನ್ನು ಶುರುಮಾಡಿದಳು. ಹೊಲಿಗೆ ಎರಡು ಸಲ ಸೊಟ್ಟಗೆ ಹೋಯಿತು. ಒಳಕೋಣೆಯಿಂದ ಜಿಪ್ಪಿನ ಸದ್ದು ಬಂತು, ಒಂದು ಗೇಣು ಓಡಿ ನಿಂತಿತು.

"ಅಕ್ಕಾ! ಇದು ಸಿಕ್ಕಾಕ್ಕೊಂಡಿದೆ!"

ಅವಸರದಲ್ಲಿ ತುರುಕಿದ್ದರಿಂದ ಮೂಲೆಯಲ್ಲಿ ಉಣ್ಣೆಯ ಅಂಗಿಯೊಂದು ಹಲ್ಲಿಗೆ ಕಚ್ಚಿಕೊಂಡಿತ್ತು. ಮಗಳು ಮೇಜಿನ ಡ್ರಾಯರಿನಿಂದ ಮೇಣದಬತ್ತಿಯ ತುಂಡು ತಂದು ಪೆಟ್ಟಿಗೆಯ ಮುಂದೆ ಮಂಡಿಯೂರಿದಳು. ಹುಡುಗಿ ಬಟ್ಟೆಯನ್ನು ಹಿಡಿದುಕೊಂಡಳು. ಮಗಳು ಹಲ್ಲುಗಳ ಮೇಲೆ ಮೇಣ ಉಜ್ಜಿ, ಒಂದೊಂದೇ ಹಲ್ಲಾಗಿ ಜಿಪ್ಪನ್ನು ಹಿಂದಕ್ಕೆ ಎಳೆದಳು. ಪೆಟ್ಟಿಗೆ ಬಾಯಿ ಬಿಟ್ಟಿತು. ಒಳಗಿಂದ ಉಣ್ಣೆಯ ಅಂಗಿಯ ತೋಳೊಂದು ಮೆಲ್ಲಗೆ ಜಾರಿ, ನೆಲದ ಮೇಲೆ ಕೈ ಚಾಚಿ ಮಲಗಿತು.