ಎರಡನೆಯ ನಕ್ಷತ್ರ

ಚೆನ್ನೈಯ ವಡಪಳನಿಯ ಕಲ್ಯಾಣ ಮಂಟಪದ ವೇದಿಕೆಯ ಮೇಲೆ ಬಿಂದು ನಡುಕುರ್ಚಿಯಲ್ಲಿ ಕುಳಿತಿದ್ದಳು. ಎಡಕ್ಕೆ ಕನ್ನಡ ಸಂಘದ ಕಾರ್ಯದರ್ಶಿ ಸಿದ್ಧಲಿಂಗೇಶ್, ಬಲಕ್ಕೆ ಮೈಕು, ಬೆನ್ನ ಹಿಂದೆ ಅವಳದೇ ಮುಖವಿದ್ದ ದೊಡ್ಡ ಫ್ಲೆಕ್ಸು: ‘ಭೂಮಿಯ ತಂಗಿಯನ್ನು ಕಂಡ ನಮ್ಮ ಹುಡುಗಿ’. ಎದ್ದು ಹೋಗಲು ದಾರಿಯೇ ಇರಲಿಲ್ಲ.

ಶುಕ್ರವಾರ ಮಧ್ಯಾಹ್ನದವರೆಗೂ ಆ ಮಾತನ್ನು ಅವಳೂ ನಂಬಿದ್ದಳು. ನಾಲ್ಕು ವರ್ಷಗಳ ಹಿಂದೆ, ನಮಗೆ ಹತ್ತಿರದ್ದೇ ಆದ ಒಂದು ಮಂಕು ಕೆಂಪು ನಕ್ಷತ್ರದ ಬೆಳಕು ಆರು ದಿನಕ್ಕೊಮ್ಮೆ ತುಸುವೇ ಕುಗ್ಗುವುದನ್ನು ಪತ್ತೆ ಮಾಡಿದವಳು ಅವಳು. ಗ್ರಹವೊಂದು ಅಡ್ಡ ಹಾದಾಗ ಹಾಗಾಗುತ್ತದೆ. ಎಷ್ಟು ಬೆಳಕು ಮರೆಯಾಯಿತು ಎಂಬುದರಿಂದ ಗ್ರಹದ ಗಾತ್ರ ತಿಳಿಯುತ್ತದೆ. ಭೂಮಿಯ ಒಂದೂಕಾಲು ಪಟ್ಟು ಅಗಲ ಎಂದು ಲೆಕ್ಕ ಬಂದಿತ್ತು. ಅಷ್ಟು ಸಣ್ಣದೆಂದರೆ ಬಹುತೇಕ ಕಲ್ಲಿನ ಗ್ರಹವೇ. ಆ ಪ್ರಬಂಧದ ಬಲದ ಮೇಲೆಯೇ ಅವಳಿಗೆ ಚೆನ್ನೈಯ ಸಂಶೋಧನಾ ಸಂಸ್ಥೆಯಲ್ಲಿ ಗುತ್ತಿಗೆಯ ಕೆಲಸ ಸಿಕ್ಕಿದ್ದು.

ಶುಕ್ರವಾರ ಸಹೋದ್ಯೋಗಿ ಚರಣ್ ಹೊಸದೊಂದು ಚಿತ್ರ ಕಳಿಸಿದ. ಹಿಂದಿನವುಗಳಿಗಿಂತ ಎಷ್ಟೋ ಸ್ಪಷ್ಟವಾಗಿತ್ತು. ಒಂದೇ ನಕ್ಷತ್ರ ಎಂದುಕೊಂಡಿದ್ದಲ್ಲಿ ಎರಡಿದ್ದವು, ಸರಿಸಮ ಬೆಳಕಿನವು, ಅಂಟಿಕೊಂಡಂತೆ. ಬಿಂದು ಎದ್ದು, ಅದೇ ಕಿಟಕಿಯಿಲ್ಲದ ಕೋಣೆಯಲ್ಲಿ ಎದುರಿಗೆ ಕೂರುವ ತಂಡದ ಮುಖ್ಯಸ್ಥ ರವಿಶಂಕರ್ ಮೇಜಿಗೆ ಓಡಿದಳು.

“ಸರ್, ಗ್ರಹ ನಾವು ಹೇಳಿದ್ದಕ್ಕಿಂತ ದೊಡ್ಡದು.”

“ನೋಡಿದೆ. ಮುಂದಿನ ತಿಂಗಳು ಬಾಹ್ಯಾಕಾಶ ದೂರದರ್ಶಕದಲ್ಲಿ ನಮಗೆ ಸಮಯ ಸಿಕ್ಕಿದೆಯಲ್ಲ, ಅದು ಮುಗೀಲಿ. ಆಮೇಲೆ ತಿದ್ದೋಣ.”

“ಚಿಕ್ಕ ಗ್ರಹ ಅಂತಾನೇ ಅಲ್ವಾ ಸರ್ ಆ ಸಮಯ ಕೊಟ್ಟಿರೋದು?”

ಅವರು ಪರದೆಯಿಂದ ಕಣ್ಣೆತ್ತಲಿಲ್ಲ. “ನಿನ್ನ ಗುತ್ತಿಗೆ ಜೂನ್‌ಗೆ ಮುಗಿಯುತ್ತೆ ಅಲ್ವಾ, ಬಿಂದು?”

ಶನಿವಾರ ಅವಳು ಅಮ್ಮನ ಬಳಿ, “ನಾಳೆ ಸನ್ಮಾನ ಬೇಡಮ್ಮ” ಎಂದಳು. ಪ್ರೇಮಮ್ಮ ಹೂ ಕಟ್ಟುತ್ತಲೇ, “ಮಂಡ್ಯದಿಂದ ನಿಮ್ ದೊಡ್ಡಪ್ಪ ಬಂದು ಕೂತವ್ರೆ. ಈಗ ಬ್ಯಾಡ ಅಂದ್ರೆ ನಾನು ಮಕ ಎಲ್ಲಿಕ್ಕೊಳ್ಳಲಿ?” ಎಂದರು.

ಈಗ ಹೆಗಲ ಮೇಲೆ ಶಾಲು ಬಿದ್ದಿತ್ತು, ತಲೆಗೆ ಬಿಗಿಯಾದ ಪೇಟ. ಸಿದ್ಧಲಿಂಗೇಶ್ “ಯಾರಾದರೂ ಪ್ರಶ್ನೆ ಕೇಳಬಹುದು” ಎಂದಾಗ ಮುಂದಿನ ಸಾಲಿನಲ್ಲಿ ಶಂಕ್ರಮ್ಮ ಎದ್ದು ನಿಂತರು. ಹಾವೇರಿಯಲ್ಲಿ ಮೂವತ್ತು ವರ್ಷ ಗಣಿತ ಕಲಿಸಿ, ಈಗ ಮಾಧವರಂನಲ್ಲಿ ಮಗಳ ಮನೆಯಲ್ಲಿದ್ದವರು.

“ಆ ಗ್ರಹಾನ ಯಾರೂ ಕಣ್ಣಾರೆ ನೋಡಿಲ್ಲಂತ. ಹಂಗಾದ್ರ ಸಣ್ಣದು ಅಂತ ಹ್ಯಾಂಗ ಗೊತ್ತಾತ, ಯವ್ವಾ?”

ನೂರು ಸಲ ಹೇಳಿ ಬಾಯಿಪಾಠವಾಗಿದ್ದ ಉತ್ತರ ತಾನಾಗಿಯೇ ಹೊರಟಿತು. “ನಕ್ಷತ್ರದ ಬೆಳಕಲ್ಲಿ ಸಾವಿರಕ್ಕೆ ಒಂದೂವರೆ ಪಾಲು ಮರೆಯಾಯ್ತು, ಅಜ್ಜಿ. ಅಲ್ಲಿರೋದು ಒಂದೇ ನಕ್ಷತ್ರ ಆದ್ರೆ...” ಎಂದು ಅರ್ಧಕ್ಕೇ ನಿಲ್ಲಿಸಿದಳು.

“ಒಂದ ಆದ್ರ ಅಂದಿ,” ಶಂಕ್ರಮ್ಮ ಬಿಡಲಿಲ್ಲ. “ಎರಡಿದ್ರ?”

ಮೊದಲ ಸಾಲಿನಲ್ಲಿ ಅಮ್ಮ ಕತ್ತು ನೀಡಿ ನಗುತ್ತಿದ್ದರು. ಬಿಂದು ಮೈಕನ್ನು ಎರಡೂ ಕೈಯಲ್ಲಿ ಹಿಡಿದುಕೊಂಡಳು.

“ಎರಡಿವೆ ಅಜ್ಜಿ. ಶುಕ್ರವಾರ ಗೊತ್ತಾಯ್ತು. ಎರಡು ದೀಪದ ಬೆಳಕನ್ನ ಒಂದರದ್ದು ಅಂತ ಅಳೆದಿದ್ವಿ. ಹಾಗಾಗಿ ಮರೆಯಾಗಿದ್ದು ಕಮ್ಮಿ ಅನ್ನಿಸ್ತು. ಗ್ರಹ ಇದೆ, ಆದ್ರೆ ಒಂದೂಕಾಲು ಅಲ್ಲ, ಒಂದೂಮುಕ್ಕಾಲು ಪಟ್ಟು. ಅಷ್ಟು ದೊಡ್ಡದಾದ್ರೆ ಮೈತುಂಬ ಅನಿಲ ಹೊದ್ದಿರಬಹುದು. ಭೂಮಿಯ ತಂಗಿ ಅನ್ನೋಕಾಗಲ್ಲ.”

“ಹಂಗಾರ ನಿನ್ನ ಲೆಕ್ಕ ತಪ್ಪೈತಿ.”

“ತಪ್ಪಿದೆ.”

ಶಂಕ್ರಮ್ಮ ತಲೆಯಾಡಿಸಿ ಕುಳಿತರು. ಸಭೆಯಲ್ಲಿ ಯಾರೂ ಚಪ್ಪಾಳೆ ತಟ್ಟಲಿಲ್ಲ. ಸಿದ್ಧಲಿಂಗೇಶ್ ಮೈಕು ಕಸಿದುಕೊಂಡು, “ಪರವಾಯಿಲ್ಲೆ, ಪರವಾಯಿಲ್ಲೆ, ಅದೆಲ್ಲ ಸೈನ್ಸ್ ವಿಷಯ! ಸಾಪ್ಪಾಡು ರೆಡಿ, ಎಲ್ಲಾರೂ ಊಟಕ್ಕೆ ಬನ್ನಿ” ಎಂದು ಸಭೆ ಮುಗಿಸಿಬಿಟ್ಟರು.

ಮೆಟ್ರೋದಲ್ಲಿ ಪ್ರೇಮಮ್ಮ ಶಾಲನ್ನು ಮಡಚಿ ಚೀಲಕ್ಕೆ ತುರುಕಿದರು. ಆಮೇಲೆ, “ಅಷ್ಟ್ ಜನದ ಮುಂದೆಯೇ ಯೇಳ್ಬೇಕಿತ್ತಾ?” ಎಂದರು.

“ಅಲ್ಲಿ ಉಸಿರು ಕಟ್ಟಿದಂಗಾಗಿತ್ತಮ್ಮ.”

“ಈಗ ನಂಗೆ ಕಟ್ತಾ ಅದೆ,” ಎಂದು ಅಮ್ಮ ಕಿಟಕಿಯತ್ತ ತಿರುಗಿದರು.

ಸೋಮವಾರದ ಹೊತ್ತಿಗೆ ಯಾರೋ ಹಂಚಿದ್ದ ವಿಡಿಯೋ ರವಿಶಂಕರ್ ಫೋನಿಗೂ ತಲುಪಿತ್ತು. ಅವರು ಕೂಗಾಡಲಿಲ್ಲ. ಬಿಂದು ಮತ್ತು ಚರಣ್ ಸೇರಿ ಬರೆದ ತಿದ್ದುಪಡಿಗೆ ತುಟಿಬಿಗಿದು ಸಹಿ ಹಾಕಿದರು. ದೂರದರ್ಶಕದ ಸಮಯ ಬೇರೆ ತಂಡಕ್ಕೆ ಹೋಯಿತು. ಗುತ್ತಿಗೆ ಮುಂದುವರಿಯುವುದಿಲ್ಲ ಎಂಬ ಪತ್ರ ಹದಿನೈದು ದಿನದಲ್ಲೇ ಬಂತು.

ಜೂನ್‌ವರೆಗೂ ಅದೇ ಕಿಟಕಿಯಿಲ್ಲದ ಕೋಣೆ, ಎದುರಿಗೆ ಮಾತು ಬಿಟ್ಟ ಅದೇ ಮನುಷ್ಯ. ಬಿಂದು ತಾನು ಹಿಂದೆ ಅಳೆದಿದ್ದ ಉಳಿದ ಹನ್ನೊಂದು ನಕ್ಷತ್ರಗಳ ಚಿತ್ರಗಳನ್ನು ಒಂದೊಂದಾಗಿ ಮತ್ತೆ ತೆಗೆದು ನೋಡಿದಳು. ನಾಲ್ಕನೆಯದರ ಪಕ್ಕದಲ್ಲೊಂದು ಮಸುಕು ಚುಕ್ಕೆ ಕಂಡಿತು. ಅಲ್ಲಿಯೂ ಅದೇ ತಪ್ಪಾಗಿರಬಹುದು. ಈ ಸಲ ಯಾರ ಮೇಜಿಗೂ ಓಡಲಿಲ್ಲ. ಕುಳಿತಲ್ಲೇ ಇಡೀ ತಂಡಕ್ಕೆ ಪತ್ರ ಬರೆದು ಕಳಿಸಿದಳು. ಎದುರಿನ ಮೇಜಿನ ಕಂಪ್ಯೂಟರು ‘ಟಿಂಗ್’ ಎಂದಿತು. ರವಿಶಂಕರ್ ಓದಿದರು, ಕನ್ನಡಕ ತೆಗೆದು ಬಹಳ ಹೊತ್ತು ಕಣ್ಣುಜ್ಜಿಕೊಂಡರು.

“ಆ ಚಿತ್ರ ನಂಗೆ ಕಳಿಸು,” ಎಂದರು. ಆರು ವಾರಗಳಲ್ಲಿ ಅವರು ಆಡಿದ ಮೊದಲ ಮಾತು ಅದು.