ಉಸಿರು ತುಂಬಿದ ದಿವಾನಿಯಾ

ಕುವೈತಿನಲ್ಲಿ ಘಾನಿಮನ ಮನೆಯ ಹೊರಕೋಣೆಯೇ ಅವನ ದಿವಾನಿಯಾ. ಸಂಜೆಯಾದರೆ ಗೆಳೆಯರೆಲ್ಲ ಅಲ್ಲಿ ಸೇರುತ್ತಿದ್ದರು. ಗೋಡೆಗೆ ಆನಿಸಿ, ಸಮುದ್ರದ ಜೀವಂತ ಹವಳ ಸಾಕುವ ಅವನ ಗಾಜಿನ ತೊಟ್ಟಿ. ಬೆರಳುದ್ದವಿದ್ದ ನೀಲಿ ಹವಳವನ್ನು ಸಾಕಿ ಸಾಕಿ ಕಲ್ಲಂಗಡಿಯಷ್ಟು ಮಾಡಿದ್ದ. ಈಗ ಅದರ ತುದಿಗಳು ಬಿಳಿಚಿಕೊಳ್ಳುತ್ತಿದ್ದವು. ಹೀಗೇ ಬಿಟ್ಟರೆ ಸಾಯುವುದು ಖಂಡಿತ.

ಅವನ ಅನುಮಾನವೆಲ್ಲ ತೊಟ್ಟಿಯ ಕೆಳಗಿದ್ದ ಕ್ಯಾಲ್ಸಿಯಂ ರಿಯಾಕ್ಟರ್ ಮೇಲೆ. ಸತ್ತ ಹವಳದ ಚೂರು ತುಂಬಿದ ಕೊಳವೆಗೆ ಇಂಗಾಲದ ಡೈಆಕ್ಸೈಡ್ ಗ್ಯಾಸ್ ಬಿಟ್ಟರೆ ಚೂರು ಕರಗಿ, ಸುಣ್ಣದಂಶ ಹನಿಹನಿಯಾಗಿ ತೊಟ್ಟಿ ಸೇರುತ್ತದೆ. ಹವಳಕ್ಕೆ ಅದೇ ಅನ್ನ. ಗ್ಯಾಸ್ ಹೆಚ್ಚಾದರೆ ಮಾತ್ರ ನೀರಿನ ಪಿಎಚ್ ಇಳಿದು ಹುಳಿಯತ್ತ ತಿರುಗುತ್ತದೆ. ಮಧ್ಯಾಹ್ನ ಎಂಟರ ಮೇಲಿದ್ದ ಪಿಎಚ್ ಮೀಟರು ಸಂಜೆಯಾದರೆ 7.75ಕ್ಕೆ ಬೀಳುತ್ತಿತ್ತು. ಗ್ಯಾಸಿನ ತಿರುಪು ತಿರುಗಿಸಿ ತಿರುಗಿಸಿ ಕಡಿಮೆ ಮಾಡಿದ, ಕೊನೆಗೆ ನಿಲ್ಲಿಸಿಯೇಬಿಟ್ಟ. ಆ ಸಂಜೆಯೂ ಮೀಟರು ಬಿತ್ತು.

ಆಗ ಅವನ ಕಣ್ಣು ಜನರ ಮೇಲೆ ಹೋಯಿತು. ಕಿಟಕಿ ಮುಚ್ಚಿ ಎಸಿ ಹಾಕಿದ ಕೋಣೆ, ತುಂಬ ಗಂಡಸರು. ಈ ಕತ್ತೆಗಳು ಬಿಡುವ ಉಸಿರೇ ಗ್ಯಾಸ್!

ಹೊರಡಿ ಎನ್ನುವಂತಿಲ್ಲ. ದಿವಾನಿಯಾದಿಂದ ಅತಿಥಿಯನ್ನು ಎಬ್ಬಿಸಿದವನಿಗೆ ಊರೇ ಉಗಿಯುತ್ತದೆ. ಆದರೆ ಧೂಪ ತಂದರೆ ಕೂಟ ಮುಗಿಯಿತೆಂದು ಅರ್ಥ. ಧೂಪವಾದ ಮೇಲೆ ಮರ್ಯಾದಸ್ಥರು ಕೂರುವುದಿಲ್ಲ. ಘಾನಿಮ್ ದೊಡ್ಡ ಧೂಪದಾನಿಗೆ ಕೆಂಡ ಸುರಿದು, ಅಗರಿನ ಚಕ್ಕೆ ಹಾಕಿ ತಂದಿಟ್ಟ.

"ಏನಯ್ಯಾ ಬೂ ಧಾರಿ, ಇನ್ನೂ ಚಾ ಬಂದಿಲ್ಲ, ಆಗ್ಲೇ ಧೂಪ?" ಎಂದ ಬಾಲ್ಯದ ಗೆಳೆಯ ಜರ್ರಾಹ್. ಹಿರಿಮಗ ಧಾರಿಯ ಹೆಸರಿನಿಂದ ಎಲ್ಲರೂ ಘಾನಿಮನನ್ನು ಹಾಗೇ, 'ಧಾರಿಯ ಅಪ್ಪ' ಎಂದೇ ಕರೆಯುವುದು.

"ವಾಸನೆ ಚೆನ್ನಾಗಿರ್ಲಿ ಅಂತ."

"ನಮ್ಮ ವಾಸನೆಗೇನಾಗಿದೆಯೋ?"

ಎಲ್ಲರೂ ನಕ್ಕರು, ಯಾರೂ ಏಳಲಿಲ್ಲ. ಧೂಪದಾನಿ ಕೈಯಿಂದ ಕೈಗೆ ಸುತ್ತಿತು. ಮೀಟರು ಇನ್ನೂ ಕೆಳಗಿಳಿಯಿತು. ಘಾನಿಮ್ ತಲೆ ಚಚ್ಚಿಕೊಂಡು ಸತ್ಯ ಕಕ್ಕಿಬಿಟ್ಟ.

"ಅಯ್ಯೋ ಪೆದ್ದಾ!" ಜರ್ರಾಹ್ ಹೊಟ್ಟೆ ಹಿಡಿದುಕೊಂಡು ನಕ್ಕ. "ನಾವು ಬಿಡೋದೂ ಅದೇ ಗ್ಯಾಸು, ಕೆಂಡ ಬಿಡೋದೂ ಅದೇ ಗ್ಯಾಸು. ಮೊದ್ಲೇ ಬಾಯಿ ಬಿಟ್ಟು ಹೇಳೋಕೇನಾಗಿತ್ತು?"

"ಬಾಯಿ ಬಿಟ್ರೆ ಇನ್ನಷ್ಟು ಗ್ಯಾಸು ಕಣೋ!" ಘಾನಿಮ್ ಗುಡುಗಿದ.

"ನಮ್ಮನ್ಯಾಕೆ ಹೊರಗೆ ಹಾಕ್ತೀಯ? ಹೊರಗಿನ ಗಾಳೀನೇ ಒಳಗೆ ತಾ ಮಾರಾಯ."

ಘಾನಿಮ್ ಧೂಪದಾನಿಯನ್ನು ಅಂಗಳಕ್ಕೆ ಒಯ್ದ. ಮರುದಿನ ಗೋಡೆ ಕೊರೆಸಿದ. ತೊಟ್ಟಿಯ ನೀರಿಗೆ ಗಾಳಿ ಬೆರೆಸಿ ಕೊಳೆಯನ್ನು ನೊರೆಯಾಗಿ ಎತ್ತುವ ಯಂತ್ರವೊಂದಿತ್ತು. ಅದು ಎಳೆಯುತ್ತಿದ್ದುದು ಕೋಣೆಯ ಗಾಳಿಯನ್ನೇ. ಅದರ ಬಾಯಿಗೆ ಪೈಪು ಸಿಕ್ಕಿಸಿ, ಹೊರಗಿನ ಗಾಳಿಯನ್ನೇ ಎಳೆಯುವಂತೆ ಗೋಡೆಯ ತೂತಿನಿಂದ ಅಂಗಳಕ್ಕೆ ಬಿಟ್ಟ. ಸಂಜೆ ಕೋಣೆ ತುಂಬಿತು. ಮೀಟರು ಎಂಟರ ಮೇಲೇ ನಿಂತಿತು. ಘಾನಿಮ್ ಬಗ್ಗಿ, ನಿಲ್ಲಿಸಿದ್ದ ಗ್ಯಾಸನ್ನು ಒಂದೊಂದೇ ಗುಳ್ಳೆ ಬರುವಂತೆ ತೆರೆದ. ಹಿಂದೆ ಯಾರದೂ ಸದ್ದಿಲ್ಲ. ತಿರುಗಿ ನೋಡಿದರೆ ಎಲ್ಲರೂ ಕೆನ್ನೆ ಉಬ್ಬಿಸಿ ಉಸಿರು ಬಿಗಿಹಿಡಿದು ಕೂತಿದ್ದರು.

"ಬಿಡ್ರೋ ಉಸಿರು, ಸತ್ತೀರಾ!"

ತಿಂಗಳು ಕಳೆಯುವಷ್ಟರಲ್ಲಿ ಹವಳದ ತುದಿಗಳಿಗೆ ನೀಲಿ ಮರಳಿತು. ಅದು ತನ್ನ ಉಸಿರಿನ ಗುಣ ಎಂದು ಜರ್ರಾಹ್ ಈಗಲೂ ಸಾಧಿಸುತ್ತಾನೆ.