ಬಿಸಿಲನ್ನು ನಂಬದ ವಿಮಲಾ

ಜಯನಗರದ ರಸ್ತೆಗಳಲ್ಲಿ ವಿಮಲಾ ನಡೆಯುವುದನ್ನು ಕಂಡವರು, ಈಕೆ ಯಾರಿಂದಲೋ ತಲೆತಪ್ಪಿಸಿಕೊಂಡು ಹೋಗುತ್ತಿದ್ದಾರೆಂದೇ ಭಾವಿಸುತ್ತಿದ್ದರು. ಒಂದು ಹೊಂಗೆಯ ನೆರಳಿನಿಂದ ಇನ್ನೊಂದಕ್ಕೆ ಸರಸರನೆ ದಾಟುವುದು, ನಡುವಿನ ಬಿಸಿಲು ಅಗಲವಾಗಿದ್ದರೆ ನಿಂತು ಮೋಡಕ್ಕಾಗಿ ಕಾಯುವುದು. ಏಪ್ರಿಲಿನ ಧಗೆಯಲ್ಲೂ ಮಣಿಕಟ್ಟಿನವರೆಗೆ ಗುಂಡಿ ಹಾಕಿದ ಬೂದುಬಣ್ಣದ ಕೋಟು. ಮೂವತ್ತು ವರ್ಷ ಶಾಲೆಯಲ್ಲಿ ಗಣಿತ ಕಲಿಸಿದ ಅವರಿಗೆ ಲೂಪಸ್ ಇತ್ತು: ದೇಹವನ್ನು ಕಾಯಬೇಕಾದ ಪಡೆಯೇ ದೇಹದ ಮೇಲೆ ತಿರುಗಿಬೀಳುವ, ಬಿಸಿಲು ತಾಗಿದರೆ ಕೆರಳುವ ವ್ಯಾಧಿ. ಅವರ ಕಪ್ಪು ಮೈಬಣ್ಣದಲ್ಲಿ, ಈ ರೋಗದ ಗುರುತಾದ ಕೆನ್ನೆಯ ಕೆಂಪು ಯಾವ ವೈದ್ಯರ ಕಣ್ಣಿಗೂ ಬೀಳದೆ, ಕಾಯಿಲೆಗೆ ಹೆಸರು ಸಿಗುವ ಹೊತ್ತಿಗೆ ಆರು ವರ್ಷ ಕಳೆದಿತ್ತು. "ಅದಿರಲಿ" ಎನ್ನದೆ ಮಾತು ಆರಂಭಿಸದ ವಿಮಲಾ, ಆ ಆರು ವರ್ಷಗಳ ಪ್ರಸ್ತಾಪ ಬಂದಾಗ ಮಾತ್ರ "ಅದಿರಲಿ" ಎಂದಲ್ಲಿಗೇ ನಿಲ್ಲಿಸಿಬಿಡುತ್ತಿದ್ದರು.

ಹೋದ ವರ್ಷ ಬನಶಂಕರಿಯ ತಮ್ಮನ ಮನೆಗೆ ಹೋದಾಗ, ಅವನ ಮಗಳು ಶರ್ವಾಣಿ ಹತ್ತು ಗಂಟೆಯ ಬಿಸಿಲಿಗೆ ಮುಖವೊಡ್ಡಿ ತಾರಸಿಯಲ್ಲಿ ಕುಳಿತಿದ್ದಳು. ತಿಂಗಳುಗಟ್ಟಲೆ ಸುಸ್ತು, ಕೀಲುನೋವು. ರಕ್ತಪರೀಕ್ಷೆಯಲ್ಲಿ ವಿಟಮಿನ್ ಡಿ ತೀರಾ ಕಡಿಮೆ. ವಿಮಲಾ ಅವಳ ಗಲ್ಲ ಹಿಡಿದು ಮುಖ ತಿರುಗಿಸಿದರು. ಮೂಗಿನ ಎರಡೂ ಬದಿಗೆ, ಕಪ್ಪಿನ ಮೇಲೆ ಇನ್ನೊಂದು ಕಪ್ಪು ಹರಡಿತ್ತು.

"ಬರೀ ಟ್ಯಾನ್ ಅತ್ತೆ ಅದು."

"ಅದಿರಲಿ, ಏಳು, ಒಳಗೆ ನಡಿ. ಕಾಲು ಊದುತ್ತಾ?"

"ಸಂಜೆ ಹೊತ್ತು ಚಪ್ಪಲಿ ಟೈಟ್ ಆಗುತ್ತೆ ಅಷ್ಟೆ."

ತಮ್ಮ ತಿರುಮಲೇಶ ಸಿಡಿದ. "ನಿನ್ನ ಕಾಯಿಲೆನ ಎಲ್ಲರ ಮುಖದಲ್ಲೂ ಹುಡುಕ್ಬೇಡ ಅಕ್ಕ. ಡಾಕ್ಟ್ರೇ ಬಿಸಿಲಲ್ಲಿ ಕೂತ್ಕೋ ಅಂದಿದಾರೆ."

ಆ ಮಾತು ನಾಟಿತು. ಆದರೂ ವಿಮಲಾ ಹೊರಡಲಿಲ್ಲ. "ಅದಿರಲಿ, ಈ ಕಾಯಿಲೆ ಕಿಡ್ನಿಗೆ ಇಳಿದ್ರೆ ಕಾಲು ಊದುತ್ತೆ. ವಿಟಮಿನ್ ಡಿ ಮಾತ್ರೇಲಿ ಸಿಗುತ್ತೆ, ಕಿಡ್ನಿ ಸಿಗಲ್ಲ. ಇವತ್ತೇ ಯೂರಿನ್ ಟೆಸ್ಟ್ ಮಾಡ್ಸು. ಏನೂ ಇಲ್ಲ ಅಂತ ಬಂದ್ರೆ ಮತ್ತೆ ಈ ಮೆಟ್ಲು ಹತ್ತಲ್ಲ ನಾನು" ಎಂದು ಹಜಾರದಲ್ಲಿ ಕುಳಿತೇಬಿಟ್ಟರು. ಕೊಟ್ಟ ಕಾಫಿ ಕೆನೆಗಟ್ಟಿತು. ಮಧ್ಯಾಹ್ನವಾದರೂ ಏಳಲಿಲ್ಲ. ಕೊನೆಗೆ ತಿರುಮಲೇಶ ಮುಖ ಗಂಟಿಕ್ಕಿಕೊಂಡೇ ಮಗಳನ್ನು ಕರೆದುಕೊಂಡು ಹೊರಟ.

ಮೂತ್ರದಲ್ಲಿ ಪ್ರೋಟೀನ್ ಸೋರುತ್ತಿತ್ತು. ಮುಂದಿನ ಪರೀಕ್ಷೆಗಳು ಲೂಪಸ್ಸೆಂದೇ ಹೇಳಿದವು. ಕಾಯಿಲೆ ಮೂತ್ರಪಿಂಡಕ್ಕೆ ಆಗಷ್ಟೇ ಕೈ ಹಾಕಿತ್ತು, ಔಷಧಕ್ಕೆ ಇನ್ನೂ ಬಗ್ಗುವ ಹಂತ. ತಿರುಮಲೇಶ ಫೋನು ಮಾಡಿ "ಅಕ್ಕ, ನೀನು ಹೇಳಿದ್ದೇ ಸರಿ" ಎಂದ. ತಾನು ಗೆದ್ದೆನೆಂಬ ಭಾವ ವಿಮಲಾರಲ್ಲಿ ಲವಲೇಶವೂ ಇರಲಿಲ್ಲ. ಫಲಿತಾಂಶಕ್ಕೆ ಕಾದ ಮೂರು ದಿನವೂ ತಮ್ಮ ಮಾತು ಸೋಲಲೆಂದೇ ಹರಕೆ ಹೊತ್ತಿದ್ದರು. "ಅದಿರಲಿ, ಮಗು ಊಟ ಮಾಡಿದಾಳಾ?" ಎಂದಷ್ಟೇ ಕೇಳಿದರು.

ಇಂಥವರ ಸಹವಾಸ ಸುಲಭದ್ದಲ್ಲ. ಹಸನಾದ ಬೆಳಗನ್ನು ಕೆಡಿಸುತ್ತಾರೆ, ಬಂಧುಗಳ ಬೇಸರಕ್ಕೆ ಗುರಿಯಾಗುತ್ತಾರೆ. ಒಂದು ಕಾಲಕ್ಕೆ ತಮ್ಮ ನೋವನ್ನು ಯಾರೂ ನಂಬದಿದ್ದವರು, ಇನ್ನೊಬ್ಬರ ನೋವನ್ನು ಅವರಿಗಿಂತ ಮೊದಲೇ ನಂಬುತ್ತಾರೆ. ತಮ್ಮ ಮಾತು ಸುಳ್ಳಾಗಲಿ ಎಂದು ಬೇಡಿಕೊಳ್ಳುತ್ತಲೇ ಅದನ್ನು ಗಟ್ಟಿಯಾಗಿ ಹೇಳುತ್ತಾರೆ.